ಮಳೆನಾಡಿನ ಬಚ್ಚಲಿಗೆ ಪ್ಲಾಸ್ಟಿಕ್‌ರಹಿತ ಹಲ್ಲಿನ ಆರೈಕೆ: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ಹಲ್ಲುಜ್ಜುವ ಬ್ರಷ್ಷನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕೆಂಬುದು ದಂತವೈದ್ಯರ ಸಾಮಾನ್ಯ ಸಲಹೆ. ಆ ಲೆಕ್ಕದಲ್ಲಿ ಐದು ಜನರಿರುವ ಮನೆಯಿಂದ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಬ್ರಷ್‌ಗಳು ಹೊರಬೀಳುತ್ತವೆ. ಇದರ ಜೊತೆಗೆ ಪೇಸ್ಟಿನ ಟ್ಯೂಬುಗಳು, ಮೌತ್‌ವಾಶ್ ಬಾಟಲಿಗಳು, ಪ್ಲಾಸ್ಟಿಕ್ ಟಂಗ್ ಕ್ಲೀನರ್‌ಗಳು ಸೇರುತ್ತವೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂತಹ ಊರುಗಳಲ್ಲಿ ಕಸದ ಗಾಡಿಯಾದರೂ ಮನೆ ಮುಂದೆ ಬರುತ್ತದೆ. ಆದರೆ ತೋಟದ ನಡುವಿನ ಒಂಟಿ ಮನೆಗಳಿಗೂ ತೋಟದ ಕಾರ್ಮಿಕರು ವಾಸಿಸುವ ಎಷ್ಟೋ ಲೈನ್ ಮನೆಗಳಿಗೂ ಯಾವ ಗಾಡಿಯೂ ತಲುಪುವುದಿಲ್ಲವಾದ್ದರಿಂದ, ಅಲ್ಲಿನ ಪ್ಲಾಸ್ಟಿಕ್ ಒಂದೋ ಬಚ್ಚಲಿನ ಹಂಡೆಯ ಒಲೆಗೆ ಹೋಗುತ್ತದೆ, ಇಲ್ಲವೇ ತೋಟದ ಅಂಚಿನ ಗುಂಡಿಗೆ ಬೀಳುತ್ತದೆ. ಗುಂಡಿಗೆ ಬಿದ್ದದ್ದು ಜೋರು ಮಳೆಗೆ ತೋಡು ಸೇರಿ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ ಹೋಗುತ್ತದೆ. ತಲಕಾವೇರಿಯಲ್ಲಿ ಹುಟ್ಟಿ ಬೆಂಗಳೂರಿನವರೆಗಿನ ಜನರಿಗೆ ಕುಡಿಯುವ ನೀರಾಗುವ ನದಿಯ ಮೇಲ್ದಂಡೆಯಲ್ಲಿ ನಾವು ವಾಸಿಸುತ್ತಿದ್ದೇವೆ ಎಂಬ ಕಾರಣಕ್ಕೆ, ಇಷ್ಟು ಸಣ್ಣ ವಸ್ತುಗಳ ವಿಷಯವನ್ನೂ ಗಂಭೀರವಾಗಿ ನೋಡಬೇಕು ಎಂದು ನಾನು ನಂಬುತ್ತೇನೆ.

ಆದರೆ ಈ ವಿಷಯದ ಬಗ್ಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಒಣಹವೆಯ ನಗರಗಳ ಬಚ್ಚಲುಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುತ್ತದೆ. ಕಕ್ಕಡ (ಜುಲೈ-ಆಗಸ್ಟ್) ತಿಂಗಳಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗದಿರುವ ಮನೆಯಲ್ಲಿ ಬಿದಿರಿನ ಹಿಡಿಕೆಯಾಗಲಿ, ಪುಡಿಯಾಗಲಿ, ಮಾತ್ರೆಯ ರೂಪದ ಪೇಸ್ಟಾಗಲಿ ಕೆಡದೆ ಉಳಿಯಬೇಕಾದರೆ ಬೇರೆ ರೀತಿಯ ಜಾಗ್ರತೆ ಬೇಕು. ಹಾಗಾಗಿ ತೇವಕ್ಕೆ ಜಗ್ಗದ ವಸ್ತುವಿನಿಂದ ಆರಂಭಿಸಿ, ತೇವಕ್ಕೆ ಬೇಗ ಸೋಲುವ ವಸ್ತುಗಳಿಗೆ ಕೊನೆಯಲ್ಲಿ ಬರುವಂತೆ ಈ ಕ್ರಮವನ್ನು ಜೋಡಿಸಿದ್ದೇನೆ. ಇಡೀ ಪ್ರಯತ್ನಕ್ಕೆ ಒಂದು ಷರತ್ತಿದೆ: ಪ್ಲಾಸ್ಟಿಕ್ ಬಿಡುವ ಭರದಲ್ಲಿ ಹಲ್ಲಿನ ಆರೋಗ್ಯವನ್ನು ಬಿಟ್ಟುಕೊಡಬಾರದು. ಒಂದು ಹುಳುಕು ಹಲ್ಲಿನ ಚಿಕಿತ್ಸೆಯಲ್ಲಿ ಕೈಗವಸು, ಸಿರಿಂಜು, ಲೋಟ, ಹೊದಿಕೆಗಳೆಂದು ಬಳಸಿ ಬಿಸಾಡುವ ಪ್ಲಾಸ್ಟಿಕ್ಕೇ ಸಾಕಷ್ಟಾಗುತ್ತದೆ.

ಆರಂಭಕ್ಕೆ ಮುನ್ನ

ಮನೆಯಲ್ಲಿ ಈಗಾಗಲೇ ಇರುವ ಬ್ರಷ್, ಪೇಸ್ಟುಗಳನ್ನು ಎಸೆದು ಹೊಸದನ್ನು ಕೊಳ್ಳಬೇಡಿ. ಅವು ಮುಗಿಯುವವರೆಗೆ ಬಳಸಿ. ಸವೆದ ಪ್ಲಾಸ್ಟಿಕ್ ಬ್ರಷ್ಷಿಗೆ ಮನೆಯಲ್ಲಿ ಇನ್ನೂ ಹಲವು ವರ್ಷಗಳ ಕೆಲಸವಿರುತ್ತದೆ: ಮಿಕ್ಸಿಯ ಜಾರಿನ ತಳ, ಹೊಲಿಗೆ ಯಂತ್ರ, ಕಳೆ ಕೊಚ್ಚುವ ಯಂತ್ರದ ಸಂದುಗಳು, ಕೋವಿ ಇರುವ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮುನ್ನ ನಡೆಯುವ ಕೋವಿಯ ಶುಚಿಕಾರ್ಯ. ಒಲೆಗೆ ಮಾತ್ರ ಹಾಕಬೇಡಿ. ಬ್ರಷ್ಷಿನ ಎಳೆಗಳು ನೈಲಾನಿನವು. ನೈಲಾನ್ ಸುಟ್ಟಾಗ ಹೈಡ್ರೋಜನ್ ಸಯನೈಡ್‌ನಂತಹ ವಿಷಾನಿಲಗಳು ಹೊರಬರುತ್ತವೆ, ಮತ್ತು ಆ ಹೊಗೆಯನ್ನು ಉಸಿರಾಡುವವರು ಒಲೆಯ ಮುಂದೆ ಕುಳಿತು ನೀರು ಕಾಯಿಸುತ್ತಿರುವ ನಮ್ಮ ಮನೆಯವರೇ.

ಸಾಧ್ಯವಾದರೆ ಪ್ರಯತ್ನವನ್ನು ಪುತ್ತರಿ ಹಬ್ಬ ಕಳೆದ ಮೇಲೆ, ಡಿಸೆಂಬರಿನ ಹೊತ್ತಿಗೆ ಆರಂಭಿಸಿ. ಮುಂದಿನ ಮಳೆಗಾಲದೊಳಗೆ ಐದಾರು ತಿಂಗಳ ಒಣ ಹವೆ ಸಿಗುತ್ತದೆ. ಬಿದಿರಿನ ಬ್ರಷ್ಷನ್ನು ಒಣಗಿಸಿಡುವ ಅಭ್ಯಾಸ ಮನೆಯವರಿಗೆಲ್ಲ ಕೂಡಿಬರಲು ಅಷ್ಟು ಸಮಯ ಸಾಕು. ಜೂನ್ ತಿಂಗಳಲ್ಲೇ ಮೊದಲ ಬ್ರಷ್ ಕೊಂಡು, ಮೂರನೇ ವಾರಕ್ಕೆ ಅದರ ಹಿಡಿಕೆ ಕಪ್ಪಾದದ್ದನ್ನು ನೋಡಿ, ಇವೆಲ್ಲ ನಮಗೆ ಹೊಂದುವುದಿಲ್ಲ ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆಯಾದ್ದರಿಂದ ಅಲ್ಲಿಯವರು ಯಾವ ತಿಂಗಳಲ್ಲಿ ಬೇಕಾದರೂ ತೊಡಗಬಹುದು.

ಮೊದಲ ಹೆಜ್ಜೆ: ನಾಲಿಗೆ ಉಜ್ಜುವ ಲೋಹದ ಪಟ್ಟಿ

ಇಡೀ ಪಟ್ಟಿಯಲ್ಲಿ ಅತ್ಯಂತ ಸುಲಭವಾದ ಬದಲಾವಣೆ ಇದು. ತಾಮ್ರದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಟಂಗ್ ಕ್ಲೀನರ್ ಪಾತ್ರೆ ಅಂಗಡಿಗಳಲ್ಲೂ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ, ಒಮ್ಮೆ ಕೊಂಡರೆ ಹತ್ತಾರು ವರ್ಷ ಬಾಳುತ್ತದೆ, ಮತ್ತು ಮಳೆಗಾಲಕ್ಕೆ ಅದು ಹೆದರುವುದಿಲ್ಲ. ಅಂಚನ್ನು ಬೆರಳಿನಲ್ಲಿ ಸವರಿ ನೋಡಿ, ಒರಟಾಗಿಲ್ಲದ್ದನ್ನು ಆರಿಸಿಕೊಳ್ಳಿ. ನಾಲಿಗೆಯ ಹಿಂಬದಿಯಿಂದ ಮುಂದಕ್ಕೆ ಹಗುರವಾಗಿ ಮೂರು ನಾಲ್ಕು ಬಾರಿ ಎಳೆದರೆ ಸಾಕು. ರಕ್ತ ಬರುವಷ್ಟು ಒತ್ತುವುದರಿಂದ ಪ್ರಯೋಜನವಿಲ್ಲ.

ತಾಮ್ರವು ತೇವದ ಗಾಳಿಯಲ್ಲಿ ಬೇಗ ಕಪ್ಪಾಗುತ್ತದೆ. ಹುಣಸೆಹಣ್ಣಿನಿಂದಲೋ, ಅಡುಗೆಮನೆಯಲ್ಲಿರುವ ಕಾಚಂಪುಳಿಯ ಒಂದೆರಡು ಹನಿಯಿಂದಲೋ ಉಜ್ಜಿ ಚೆನ್ನಾಗಿ ತೊಳೆದರೆ ಹೊಳಪು ಮರಳುತ್ತದೆ. ಲೋಹಕ್ಕೆ ಒಳ್ಳೆಯದಾದ ಆ ಹುಳಿಯನ್ನು ಹಲ್ಲಿನ ಕಲೆ ತೆಗೆಯಲು ಬಳಸುವ ಯೋಚನೆ ಖಂಡಿತ ಬೇಡ, ಏಕೆಂದರೆ ಆಮ್ಲವು ಹಲ್ಲಿನ ಮೇಲಿನ ಎನಾಮೆಲ್ ಪದರವನ್ನು ಕರಗಿಸುತ್ತದೆ. ಕಾಚಂಪುಳಿ ಹಾಕಿದ ಪಂದಿಕರಿ ಉಂಡ ಮೇಲೆ ಅಥವಾ ಕಿತ್ತಳೆ ತಿಂದ ಮೇಲೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಕಳೆದ ನಂತರವಷ್ಟೇ ಹಲ್ಲುಜ್ಜುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಬ್ರಷ್

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಬಿದಿರಿನ ಬ್ರಷ್ ಎಂದು ಮಾರಾಟವಾಗುವ ವಸ್ತುವಿನಲ್ಲಿ ಹಿಡಿಕೆ ಮಾತ್ರ ಬಿದಿರಿನದು. ಎಳೆಗಳು ಬಹುತೇಕ ಎಲ್ಲ ಬ್ರಷ್‌ಗಳಲ್ಲೂ ನೈಲಾನಿನವೇ. ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಅದಕ್ಕೆ ಮೊದಲು ಹಂದಿಯ ಕೂದಲಿನ ಎಳೆಗಳಿದ್ದವು. ಇಂದಿಗೂ ಮಣ್ಣಿನಲ್ಲಿ ಪೂರ್ತಿ ಕರಗುವ ಎಳೆ ಬೇಕೆಂದರೆ ಹಂದಿಯ ಕೂದಲಿನದೇ ಗತಿ. ಅದು ಹಲವರಿಗೆ ಒಪ್ಪಿತವಲ್ಲ, ಬೇಗ ಒಣಗುವುದೂ ಇಲ್ಲ, ಆದ್ದರಿಂದ ನಮ್ಮ ಹವೆಗೆ ಅದನ್ನು ನಾನು ಸೂಚಿಸುವುದಿಲ್ಲ. ಹರಳೆಣ್ಣೆಯಿಂದ ತಯಾರಾದ ನೈಲಾನ್ ಎಳೆಗಳೂ ಬರುತ್ತವೆ. ಅವು ಪೂರ್ತಿಯಾಗಿ ಅಥವಾ ಭಾಗಶಃ ಸಸ್ಯಮೂಲದವು ಎಂಬುದು ನಿಜ, ಆದರೆ ಸಸ್ಯಮೂಲದ್ದೆಂದ ಮಾತ್ರಕ್ಕೆ ಅವು ಮಣ್ಣಿನಲ್ಲಿ ಕರಗುವುದಿಲ್ಲ. ಪೊಟ್ಟಣದ ಮೇಲೆ ಇಡೀ ಬ್ರಷ್ ಕೊಳೆಯುತ್ತದೆ ಎಂದು ಬರೆದಿದ್ದು, ಎಳೆ ಯಾವುದರದ್ದು ಎಂದು ಬರೆಯದಿದ್ದರೆ ಆ ಮಾತನ್ನು ನಂಬಬೇಡಿ. ಬಿದಿರು ಎಲ್ಲಿಯದು ಎಂಬುದನ್ನೂ ಕೇಳಿ. ಮಳೆಗಾಲದಲ್ಲಿ ಬೈಂಬಳೆ (ಎಳೆ ಬಿದಿರು, ಕಳಲೆ) ಪಲ್ಯ ಮಾಡುವ ನಾಡಿಗೆ ಚೀನಾದ ಬಿದಿರಿನ ಬ್ರಷ್ ಬಂದು ತಲುಪುವುದು ಅಪರೂಪವೇನಲ್ಲ, ಮತ್ತು ಅಷ್ಟು ದೂರದ ಸಾಗಣೆಯೂ ಪರಿಸರದ ಲೆಕ್ಕಕ್ಕೆ ಸೇರುತ್ತದೆ.

ಕೊಳ್ಳುವಾಗ ಎಳೆಗಳು ಮೃದುವಾಗಿರಬೇಕು, ತಲೆ ಚಿಕ್ಕದಾಗಿರಬೇಕು, ಹಿಡಿಕೆಯಲ್ಲಿ ಸಿಬಿರು ಇರಬಾರದು. ಕಾರ್ಬೊನೈಸ್ ಮಾಡಿದ, ಅಂದರೆ ಶಾಖದಲ್ಲಿ ಹದಗೊಳಿಸಿ ಕಂದು ಬಣ್ಣಕ್ಕೆ ತಿರುಗಿಸಿದ ಹಿಡಿಕೆ ಬಿಳಿಯ ಹಿಡಿಕೆಗಿಂತ ಬೂಷ್ಟನ್ನು ಸ್ವಲ್ಪ ಹೆಚ್ಚು ತಡೆಯುತ್ತದೆ. ಹೊಳೆಯುವ ವಾರ್ನಿಷ್ ಹಚ್ಚಿದ್ದನ್ನು ಬಿಟ್ಟುಬಿಡಿ. ಅದು ಸುಲಿದುಬಂದರೆ ಬಾಯಿಗೆ ಹೋಗುತ್ತದೆ.

ಬಳಕೆಯ ಕ್ರಮ ಹೀಗಿರಲಿ. ಹಲ್ಲುಜ್ಜಿದ ಮೇಲೆ ಬ್ರಷ್ಷನ್ನು ತೊಳೆದು, ನೀರು ಕೊಡವಿ, ಹಿಡಿಕೆಯನ್ನು ಒಣ ಬಟ್ಟೆಯಿಂದ ಒರೆಸಿ. ತಳದಲ್ಲಿ ನೀರು ನಿಲ್ಲುವ ಲೋಟದಲ್ಲಿ ನಿಲ್ಲಿಸಬೇಡಿ, ಮುಚ್ಚಳದ ಡಬ್ಬಿಯಲ್ಲೂ ಇಡಬೇಡಿ. ಹಿಡಿಕೆಯ ತುದಿಗೆ ದಾರ ಕಟ್ಟಿ, ತಲೆ ಕೆಳಗಾಗಿ, ಗಾಳಿಯಾಡುವ ಕಿಟಕಿಯ ಬಳಿ ನೇತುಹಾಕುವುದು ಎಲ್ಲಕ್ಕಿಂತ ಉತ್ತಮ, ಏಕೆಂದರೆ ಹಾಗೆ ತೂಗಿದಾಗ ನೀರು ತಲೆಯ ಕಡೆಯಿಂದ ಹಿಡಿಕೆಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಬಚ್ಚಲುಮನೆಯಿಂದ ಬ್ರಷ್ಷನ್ನು ಹೊರತನ್ನಿ. ಅಡುಗೆಮನೆಯಲ್ಲಿ ಒಲೆಯ ಬೆಚ್ಚಗಿನ ಗೋಡೆಯ ಪಕ್ಕದಲ್ಲಿ, ಆದರೆ ಹೊಗೆ ನೇರವಾಗಿ ತಾಗದ ಕಡೆ, ಒಂದು ಮೊಳೆ ಹೊಡೆದುಕೊಂಡರೆ ಬ್ರಷ್ ರಾತ್ರಿಯೊಳಗೆ ಒಣಗುತ್ತದೆ. ಅಷ್ಟೂ ಸಾಲದ ದಿನಗಳಿಗೆ ತಲಾ ಎರಡು ಬ್ರಷ್ ಇಟ್ಟುಕೊಂಡು, ಬೆಳಗ್ಗೆಗೊಂದು ರಾತ್ರಿಗೊಂದು ಎಂದು ಸರದಿಯಲ್ಲಿ ಬಳಸಿದರೆ ಎರಡಕ್ಕೂ ಒಣಗಲು ದಿನವಿಡೀ ಸಮಯ ಸಿಗುತ್ತದೆ. ಹೀಗೆ ಬಳಸಿದಾಗ ಎರಡೂ ಹೆಚ್ಚು ಕಾಲ ಬಾಳುತ್ತವಾದ್ದರಿಂದ ಖರ್ಚೂ ಹೆಚ್ಚೇನಾಗುವುದಿಲ್ಲ. ಹಿಡಿಕೆಯ ಮೇಲೆ ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ಎಳೆಗಳ ಬುಡದಲ್ಲಿ ಕಂಡರೆ ಮೂರು ತಿಂಗಳು ಮುಗಿದಿರಲಿ, ಬಿಡಲಿ, ಆ ಬ್ರಷ್ಷನ್ನು ಬದಲಿಸಿ. ಬಿಸಿನೀರಿನಲ್ಲಿ ಕುದಿಸಿ ಉಳಿಸಲು ಹೋದರೆ ಬಿದಿರು ಸೀಳುತ್ತದೆ.

ಇಷ್ಟು ಜಾಗ್ರತೆ ಸಾಧ್ಯವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಲೋಹದ ಹಿಡಿಕೆಯಿದ್ದು, ತಲೆಯನ್ನಷ್ಟೇ ಬದಲಿಸುವ ಬ್ರಷ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ತಲೆ ಪ್ಲಾಸ್ಟಿಕ್ಕಿನದೇ ಆದರೂ ಪ್ರತಿ ಬಾರಿ ಎಸೆಯುವ ಪ್ರಮಾಣ ಬಹಳ ತಗ್ಗುತ್ತದೆ. ಬೆಟ್ಟದಂಚಿನ ಸದಾ ಮಂಜು ಕವಿದ ಮನೆಗಳಿಗೆ ಬಿದಿರಿಗಿಂತ ಇದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಿಂದಿನವರು ಮಾವಿನೆಲೆ ಮಡಿಚಿ ಹಲ್ಲುಜ್ಜುತ್ತಿದ್ದರಲ್ಲ, ಬೇವಿನ ಕಡ್ಡಿ ಇತ್ತಲ್ಲ ಎಂದು ಕೇಳುವವರಿದ್ದಾರೆ. ಬಯಲುಸೀಮೆಯಲ್ಲಿ ಬೆಳೆಯುವಷ್ಟು ಸರಾಗವಾಗಿ ಬೇವು ನಮ್ಮ ಮಳೆಯಲ್ಲಿ ಬೆಳೆಯುವುದಿಲ್ಲ. ಮಾವಿನೆಲೆ ಬೇಕಾದಷ್ಟಿದೆ, ಮತ್ತು ಒಮ್ಮೊಮ್ಮೆ ಬಳಸುವುದರಿಂದ ತೊಂದರೆಯೇನಿಲ್ಲ. ಆದರೆ ಎಲೆಯಾಗಲಿ ಬೆರಳಾಗಲಿ ಹಲ್ಲಿನ ಒಳಮೈಗೂ ವಸಡಿನ ಅಂಚಿಗೂ ತಲುಪುವುದು ಕಷ್ಟ, ಹಾಗಾಗಿ ಅದನ್ನು ಬ್ರಷ್ಷಿಗೆ ಬದಲಾಗಿ ನೆಚ್ಚಿಕೊಳ್ಳಬೇಡಿ.

ಮೂರನೆಯ ಹೆಜ್ಜೆ: ಪೇಸ್ಟ್, ಪುಡಿ, ಮಾತ್ರೆ

ಎಷ್ಟೋ ಪೇಸ್ಟಿನ ಟ್ಯೂಬುಗಳಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಪದರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವನ್ನು ಬೇರ್ಪಡಿಸಿ ಮರುಬಳಸುವುದು ಕಷ್ಟ. ಬದಲಿಗೆ ಮೂರು ಬಗೆಯ ವಸ್ತುಗಳಿವೆ: ಗಾಜಿನ ಭರಣಿಯಲ್ಲಿ ಅಥವಾ ಲೋಹದ ಟ್ಯೂಬಿನಲ್ಲಿ ಬರುವ ಪೇಸ್ಟ್, ಹಲ್ಲುಪುಡಿ, ಮತ್ತು ಅಗಿದು ಉಜ್ಜುವ ಮಾತ್ರೆ. ಯಾವುದನ್ನೇ ಆರಿಸಿದರೂ ಮೊದಲು ನೋಡಬೇಕಾದದ್ದು ಅದರಲ್ಲಿ ಫ್ಲೋರೈಡ್ ಇದೆಯೇ ಎಂಬುದನ್ನು. ಪರಿಸರಸ್ನೇಹಿ ಎಂದು ಮಾರಾಟವಾಗುವ ವಸ್ತುಗಳಲ್ಲಿ ಬಹಳಷ್ಟು ಫ್ಲೋರೈಡ್ ಇಲ್ಲದವು, ಕೆಲವು ಅದನ್ನೇ ಹೆಗ್ಗಳಿಕೆಯಾಗಿ ಬರೆದುಕೊಂಡಿರುತ್ತವೆ. ಹುಳುಕು ತಡೆಯುವುದರಲ್ಲಿ ಫ್ಲೋರೈಡಿನ ಪಾತ್ರಕ್ಕೆ ದಶಕಗಳ ವೈದ್ಯಕೀಯ ಆಧಾರವಿದೆ.

ಫ್ಲೋರೈಡ್ ಎಂದೊಡನೆ ಹಲವರು ಹಿಂಜರಿಯಲು ಕಾರಣವಿದೆ. ಪಾವಗಡ, ಕೋಲಾರದ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿ ಜನರ ಹಲ್ಲು, ಮೂಳೆಗಳು ಹಾಳಾದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆದರೆ ಅದು ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದದ್ದರ ಪರಿಣಾಮ, ಇದು ಉಜ್ಜಿ ಉಗಿಯುವ ಪೇಸ್ಟಿನ ವಿಷಯ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ. ನಿಮ್ಮ ಮನೆಯ ಕೊಳವೆಬಾವಿಯ ಬಗ್ಗೆ ಸಂಶಯವಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ, ಆ ಭಯಕ್ಕೆ ಪೇಸ್ಟನ್ನು ಬಿಡಬೇಡಿ. ದೊಡ್ಡವರ ಪೇಸ್ಟಿನಲ್ಲಿ 1000 ಪಿಪಿಎಂನಷ್ಟು (ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಫ್ಲೋರೈಡ್ ಇರುವುದು ಸೂಕ್ತ. ಪ್ಲಾಸ್ಟಿಕ್ ಇಲ್ಲದೆ ಫ್ಲೋರೈಡ್ ಇರುವ ಪೇಸ್ಟ್ ನಿಮಗೆ ಸಿಗದೇ ಹೋದರೆ, ಟ್ಯೂಬಿನ ಪೇಸ್ಟನ್ನೇ ದೊಡ್ಡ ಅಳತೆಯಲ್ಲಿ ಕೊಂಡು, ಬಟಾಣಿ ಕಾಳಿನಷ್ಟೇ ಬಳಸಿ, ಕೊನೆಯಲ್ಲಿ ಟ್ಯೂಬನ್ನು ಕತ್ತರಿಸಿ ಪೂರ್ತಿ ಖಾಲಿ ಮಾಡಿ. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ.

ಹಲ್ಲುಪುಡಿಯ ವಿಷಯದಲ್ಲಿ ನಮ್ಮವರಿಗೆ ಹಳೆಯ ಪ್ರೀತಿಯಿದೆ. ನಂಜನಗೂಡಿನ ಹಲ್ಲುಪುಡಿ ಒಂದು ಕಾಲಕ್ಕೆ ರಾಜ್ಯದ ಉದ್ದಗಲಕ್ಕೂ ಮನೆಮಾತಾಗಿತ್ತು. ಪುಡಿಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಒರಟುತನ. ಎರಡು ಬೆರಳುಗಳ ನಡುವೆ ತಿಕ್ಕಿದಾಗ ಮರಳಿನಂತೆ ತಾಗುವ ಪುಡಿ ಎನಾಮೆಲ್ ಪದರವನ್ನು ದಿನದಿನವೂ ಸವೆಸುತ್ತದೆ, ಮತ್ತು ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು, ಕೆಮ್ಮಣ್ಣು ಬೆರೆತ ಪುಡಿಗಳನ್ನು ದೂರವಿಡಿ. ದಿನಕ್ಕೆ ನಾಲ್ಕಾರು ಲೋಟ ಕಾಫಿ ಕುಡಿಯುವ ಜಿಲ್ಲೆಯಲ್ಲಿ ಹಲ್ಲಿನ ಕಂದು ಕಲೆ ತೆಗೆಯುವ ಇದ್ದಿಲಿನ ಪುಡಿಗೆ ಬೇಡಿಕೆ ಹೆಚ್ಚಿರುವುದು ಸಹಜ, ಆದರೆ ಕಾಫಿಯ ಕಲೆಯನ್ನು ದಂತವೈದ್ಯರಲ್ಲಿ ಶುಚಿ ಮಾಡಿಸಿಕೊಳ್ಳುವುದೇ ಸುರಕ್ಷಿತ. ಸಂತೆಗಳಲ್ಲಿ ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಕಪ್ಪು ಪುಡಿಗಳನ್ನು ಕೊಳ್ಳಲೇಬೇಡಿ. ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ಹೊಗೆಸೊಪ್ಪು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಪದಾರ್ಥಗಳ ಪಟ್ಟಿಯಿಲ್ಲದ ಪುಡಿಯಲ್ಲಿ ಏನಿದೆಯೆಂದು ತಿಳಿಯುವ ಬಗೆಯೇ ಇಲ್ಲ.

ಮಾತ್ರೆಯನ್ನು ಬಳಸುವ ಕ್ರಮ ಸರಳವಾಗಿದೆ: ಒಂದನ್ನು ಬಾಯಿಗೆ ಹಾಕಿ, ಅಗಿದು, ನೊರೆಯಂತಾದ ಮೇಲೆ ಒದ್ದೆ ಬ್ರಷ್ಷಿನಿಂದ ಎರಡು ನಿಮಿಷ ಉಜ್ಜುವುದು. ಕಷ್ಟವಿರುವುದು ಅದನ್ನು ಇಟ್ಟುಕೊಳ್ಳುವುದರಲ್ಲಿ. ಗಾಳಿಯ ತೇವ ಎಳೆದುಕೊಂಡ ಮಾತ್ರೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ ದೊಡ್ಡ ಸಂಗ್ರಹವನ್ನು ಕೋಣೆಯ ಕಪಾಟಿನಲ್ಲಿಟ್ಟು, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಚಿಕ್ಕ ಸೀಸೆಗೆ ತೆಗೆದುಕೊಳ್ಳಿ. ಒದ್ದೆ ಕೈ ಹಾಕಬೇಡಿ. ಭರಣಿಯ ಪೇಸ್ಟಿಗೂ ಇದೇ ಮಾತು: ಎಲ್ಲರ ಬ್ರಷ್ಷನ್ನೂ ಅದರೊಳಗೆ ಅದ್ದುವ ಬದಲು ಒಂದು ಚಿಕ್ಕ ಸ್ಟೀಲ್ ಚಮಚದಿಂದ ತೆಗೆದು ಹಚ್ಚಿಕೊಳ್ಳಿ.

ನಾಯಿ ಸಾಕಿರುವ ಮನೆಯವರು ಒಂದು ವಿಷಯವನ್ನು ಮರೆಯಬಾರದು. ಇಂತಹ ಮಾತ್ರೆ ಮತ್ತು ಪೇಸ್ಟುಗಳಲ್ಲಿ ಸಿಹಿಗಾಗಿ ಕ್ಸೈಲಿಟಾಲ್ ಬಳಸುವುದು ಸಾಮಾನ್ಯ. ಮನುಷ್ಯರ ಹಲ್ಲಿಗೆ ತೊಂದರೆ ಕೊಡದ ಈ ಸಿಹಿ ನಾಯಿಗಳಿಗೆ ಸ್ವಲ್ಪ ಪ್ರಮಾಣದಲ್ಲೂ ವಿಷ. ಸೀಸೆಯನ್ನು ಎತ್ತರದಲ್ಲಿಡಿ.

ಹಲ್ಲಿನ ಸಂದು ಮತ್ತು ಬಾಯಿ ಮುಕ್ಕಳಿಸುವ ನೀರು

ಹಲ್ಲಿನ ಸಂದು ಶುಚಿ ಮಾಡುವ ಸಾಮಾನ್ಯ ಫ್ಲಾಸ್ ದಾರ ನೈಲಾನಿನದು ಅಥವಾ ಟೆಫ್ಲಾನ್ ಜಾತಿಯದು. ಜೇನುಮೇಣ ಹಚ್ಚಿದ ರೇಷ್ಮೆಯ ದಾರ ಗಾಜಿನ ಸೀಸೆಯಲ್ಲಿ ಬರುತ್ತದೆ, ದಾರ ಮುಗಿದಾಗ ಸುರುಳಿಯನ್ನಷ್ಟೇ ತರಿಸಿ ಅದೇ ಸೀಸೆಗೆ ಹಾಕಿಕೊಳ್ಳಬಹುದು. ಮೆಕ್ಕೆಜೋಳದಿಂದ ತಯಾರಾದ, ಸಸ್ಯಮೂಲದ ಪ್ಲಾಸ್ಟಿಕ್ಕಾದ ಪಿಎಲ್‌ಎ ದಾರವೂ ಇದೆ. ಅದು ಕೊಳೆಯಲು ಸುಮಾರು 60 ಡಿಗ್ರಿ ಶಾಖವನ್ನು ದಿನಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕ ಬೇಕು, ತೋಟದ ಗೊಬ್ಬರದ ಗುಂಡಿ ಸಾಲದು. ಪಿನ್ನು, ಬೆಂಕಿಕಡ್ಡಿ, ಹೊಲಿಗೆ ದಾರಗಳಿಂದ ಸಂದು ಕೆದಕುವುದು ವಸಡಿಗೆ ಕೇಡು.

ಮೌತ್‌ವಾಶ್ ಹೆಚ್ಚಿನವರಿಗೆ ಅಗತ್ಯವೇ ಇಲ್ಲ. ವೈದ್ಯರು ಔಷಧವಾಗಿ ಕೊಟ್ಟದ್ದನ್ನು ಬಿಟ್ಟು ಉಳಿದ ಸಂದರ್ಭಗಳಲ್ಲಿ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಸಾಕು. ತೆಂಗಿನೆಣ್ಣೆಯಲ್ಲಿ ಬಾಯಿ ಮುಕ್ಕಳಿಸುವ ಅಭ್ಯಾಸವಿರುವವರು ಅದನ್ನು ಮುಂದುವರಿಸಬಹುದು, ಆದರೆ ಬ್ರಷ್ಷಿಗೆ ಅದು ಬದಲಿಯಲ್ಲ. ಎಣ್ಣೆಯನ್ನು ಬೇಸಿನ್ನಿಗೆ ಉಗಿಯಬೇಡಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಚಳಿಗೆ ಅದು ಪೈಪಿನೊಳಗೇ ಹೆಪ್ಪುಗಟ್ಟಿ ನೀರು ಕಟ್ಟಿಕೊಳ್ಳುತ್ತದೆ. ಹಳೆಯ ಕಾಗದದಲ್ಲಿ ಉಗಿದು ಒಲೆಗೆ ಹಾಕಿ.

ಮಕ್ಕಳು ಮತ್ತು ಹಿರಿಯರು

ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟನ್ನು ದೊಡ್ಡವರೇ ಹಚ್ಚಿಕೊಡಬೇಕು, ಉಗಿಯುವುದನ್ನು ಕಲಿಸಬೇಕು. ಆರು ವರ್ಷದವರೆಗೆ ಮಾತ್ರೆ ಬೇಡ. ಮಕ್ಕಳು ಅದನ್ನು ಮಿಠಾಯಿಯೆಂದು ನುಂಗುವ ಸಂಭವವಿರುತ್ತದೆ. ಕೈ ನಡುಗುವ ಅಜ್ಜ ಅಜ್ಜಿಯರಿಗೆ ತೆಳುವಾದ ಬಿದಿರಿನ ಹಿಡಿಕೆ ಹಿಡಿತಕ್ಕೆ ಸಿಗುವುದಿಲ್ಲ. ದಪ್ಪ ಹಿಡಿಕೆಯ ಪ್ಲಾಸ್ಟಿಕ್ ಬ್ರಷ್ ಅಥವಾ ವಿದ್ಯುತ್ ಬ್ರಷ್ ಬಳಸುತ್ತಿದ್ದರೆ ಅದನ್ನು ಅವರಿಂದ ಬಿಡಿಸಬೇಡಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಮೃದು ಬ್ರಷ್ ಮತ್ತು ಸೌಮ್ಯ ಸೋಪಿನಿಂದ ತೊಳೆಯಿರಿ. ಅದಕ್ಕೆ ಹಲ್ಲುಪುಡಿ ಹಾಕಿದರೆ ಗೀರು ಬೀಳುತ್ತದೆ.

ತರಿಸುವುದು, ವಿಲೇವಾರಿ ಮಾಡುವುದು

ಒಂದು ಬಿದಿರಿನ ಬ್ರಷ್ಷಿಗಾಗಿ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪೊಟ್ಟಣ ಮನೆಗೆ ಬಂದರೆ ಉಳಿಸಿದ್ದಕ್ಕಿಂತ ಸೇರಿಸಿದ್ದೇ ಹೆಚ್ಚಾಗುತ್ತದೆ. ನೆರೆಯ ನಾಲ್ಕಾರು ಮನೆಯವರೋ, ಸ್ವಸಹಾಯ ಸಂಘದ ಸದಸ್ಯೆಯರೋ ಸೇರಿ ವರ್ಷಕ್ಕೆ ಎರಡು ಬಾರಿ ಒಟ್ಟಾಗಿ ತರಿಸಿಕೊಳ್ಳುವುದು ಲೇಸು, ಕಾಗದದಲ್ಲೇ ಕಟ್ಟಿ ಕಳುಹಿಸಿ ಎಂದು ಮೊದಲೇ ತಿಳಿಸುವುದೂ ಸಾಧ್ಯ. ಗೋಣಿಕೊಪ್ಪ, ಸೋಮವಾರಪೇಟೆಯ ಅಂಗಡಿಯವರನ್ನು ನಾಲ್ಕು ಜನ ನಾಲ್ಕು ಸಲ ಕೇಳಿದರೆ ಅವರೇ ತರಿಸಿಡುತ್ತಾರೆ. ಈ ದಾರಿ ನಿಧಾನದ್ದಾದರೂ ಊರಿನ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಬಳಸಿ ಮುಗಿದ ಬಿದಿರಿನ ಬ್ರಷ್ಷನ್ನು ಇಡಿಯಾಗಿ ಗೊಬ್ಬರದ ಗುಂಡಿಗೆ ಹಾಕಬಾರದು. ಮೊದಲು ಕಟಿಂಗ್ ಪ್ಲೇಯರಿನಿಂದ ಎಳೆಗಳ ಗೊಂಚಲುಗಳನ್ನು ಒಂದೊಂದಾಗಿ ಕೀಳಿ. ಅವುಗಳ ಬುಡದಲ್ಲಿ ಸಣ್ಣ ಲೋಹದ ತುಂಡುಗಳೂ ಇರುತ್ತವೆ. ಕೀಳಲಾಗದಿದ್ದರೆ ತಲೆಯ ಭಾಗವನ್ನೇ ಗರಗಸದಿಂದ ಕತ್ತರಿಸಿ. ಕಿತ್ತ ಎಳೆಗಳನ್ನು ಒಂದು ಸೀಸೆಯಲ್ಲಿ ಕೂಡಿಟ್ಟು, ಪಂಚಾಯಿತಿಯವರ ಒಣ ಕಸಕ್ಕೆ ಕೊಡಿ. ಹಿಡಿಕೆಯನ್ನು ಸಣ್ಣಗೆ ಸೀಳಿ ಕಾಫಿ ಸಿಪ್ಪೆಯ ಗೊಬ್ಬರದಲ್ಲಿ ಹೂಳಬಹುದು, ಬೇಗ ಕರಗುತ್ತದೆಂದು ಮಾತ್ರ ನಿರೀಕ್ಷಿಸಬೇಡಿ. ಬಣ್ಣ, ವಾರ್ನಿಷ್ ಇಲ್ಲದ ಹಿಡಿಕೆಯಾದರೆ ಹಂಡೆಯ ಒಲೆಗೆ ಸೌದೆಯ ಜೊತೆ ಹಾಕಲೂ ಅಡ್ಡಿಯಿಲ್ಲ. ಕಾಳುಮೆಣಸಿನ ಬಳ್ಳಿ, ಕಾಫಿ ಸಸಿಗಳ ಮಡಿಯಲ್ಲಿ ತಳಿಯ ಹೆಸರು ಬರೆದು ನೆಡುವ ಕಡ್ಡಿಯಾಗಿಯೂ ಅದು ಒಂದು ಮಳೆಗಾಲ ಬಾಳುತ್ತದೆ.

ಬದಲಾವಣೆಗೆ ಮುನ್ನ ಒಮ್ಮೆ, ಆರು ತಿಂಗಳ ನಂತರ ಮತ್ತೊಮ್ಮೆ ದಂತವೈದ್ಯರಿಗೆ ಬಾಯಿ ತೋರಿಸಿ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಮಹಾವಿದ್ಯಾಲಯವೇ ಇರುವುದು ನಮ್ಮ ಜಿಲ್ಲೆಗೊಂದು ಅನುಕೂಲ. ಯಾವ ಪೇಸ್ಟ್ ಅಥವಾ ಪುಡಿ ಬಳಸುತ್ತಿದ್ದೀರಿ ಎಂಬುದನ್ನು ಅದರ ಪೊಟ್ಟಣದ ಸಮೇತ ಅವರಿಗೆ ತೋರಿಸಿ, ಹೊಸ ಹುಳುಕು ಕಾಣಿಸಿದೆಯೇ, ಎನಾಮೆಲ್ ಸವೆದಿದೆಯೇ, ವಸಡು ಹಿಂದೆ ಸರಿದಿದೆಯೇ ಎಂದು ಕೇಳಿ. ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುವುದು, ಉಜ್ಜುವಾಗ ಎರಡು ವಾರ ಕಳೆದರೂ ರಕ್ತ ಬರುವುದು, ಹಲ್ಲಿನ ಮೇಲೆ ಸುಣ್ಣದಂತಹ ಬಿಳಿ ಮಚ್ಚೆ ಮೂಡುವುದು ಕಂಡುಬಂದರೆ ಆರು ತಿಂಗಳು ಕಾಯದೆ, ಮೊದಲು ಬಳಸುತ್ತಿದ್ದ ಪೇಸ್ಟಿಗೆ ಮರಳಿ ಕೂಡಲೇ ವೈದ್ಯರನ್ನು ಕಾಣಿ.